ಮೂರು ದೇಶಗಳ ಗಡಿ ಕೂಡುವ ಬಿಂದುಗಳು: ನೆಲದ್ದು ಮುಗಿಯಿತು, ಕಡಲಿನದು ನಡೆಯುತ್ತಿದೆ

ದೇಶದೇಶದ ಗಡಿಗಳಲ್ಲಿ ಮೂರು ದೇಶ ಕೂಡುವ ಬಿಂದುಗಳನ್ನು ಎಣಿಸುತ್ತಿದ್ದೇವೆ. ಭಾರತದ ನೆಲದ ಗಡಿಯಲ್ಲಿರುವವನ್ನು ಎಣಿಸಿ ಆಯಿತು. ಸರ್ವೆ ಆಫ್ ಇಂಡಿಯಾ ನಕ್ಷೆಯಂತೆ 8, ಈಗ ಸೇನೆಗಳು ನಿಂತಿರುವ ಗೆರೆಯಂತೆ 7. ಪಾಕ್ ಆಕ್ರಮಿತ ಕಾಶ್ಮೀರ ಸೇರಿಸಿದರೆ ಅಫ್ಘಾನಿಸ್ತಾನದ ಜೊತೆ 106 ಕಿ.ಮೀ. ಗಡಿ ಬರುತ್ತದೆ, ಅದರ ಎರಡು ತುದಿಗೆ ಎರಡು ಬಿಂದು. ಬಿಟ್ಟರೆ ಆ ಎರಡರ ಬದಲು ಭಾರತ-ಪಾಕ್-ಚೀನಾ ಒಂದೇ. ಎರಡಕ್ಕೂ ಬೇರೆ ಬೇರೆ ಕಾಲಂ ಇಟ್ಟಿದ್ದೇವೆ. ಬೆರೆಸಿದರೆ ಚೀನಾದ ಲೆಕ್ಕವೂ (ಒಂದರಲ್ಲಿ 15, ಇನ್ನೊಂದರಲ್ಲಿ 16) ಕೆಡುತ್ತದೆ.

ಕ್ರಮ ಸುಲಭ: ಗಡಿಗುಂಟ ಹೋಗಿ, ನೆರೆದೇಶ ಬದಲಾದಲ್ಲೆಲ್ಲ ಗುರುತು ಹಾಕಿ. ನೆರೆಯವರನ್ನು ಎಣಿಸಿ ಊಹಿಸಬೇಡಿ. ಆಸ್ಟ್ರಿಯಾಕ್ಕೆ ನೆರೆ 8, ಬಿಂದು 9. ಯಾಕಂದರೆ ಅದರ ಗಡಿಗುಂಟ ಹೋದರೆ ಲಿಕ್ಟನ್‌ಸ್ಟೈನ್‌ನ ಎರಡೂ ಮಗ್ಗುಲಲ್ಲಿ ಸ್ವಿಟ್ಜರ್ಲೆಂಡೇ ಸಿಗುತ್ತದೆ. ಒಂದೊಂದು ಬಿಂದುವೂ ಮೂರು ದೇಶದ ಲೆಕ್ಕದಲ್ಲಿ ಬರುತ್ತದೆ, ಹಾಗಾಗಿ ಕೊನೆಗೆ ಎಲ್ಲ ದೇಶದ್ದು ಕೂಡಿಸಿ 3ರಿಂದ ಭಾಗಿಸಿ. ಶೇಷ ಉಳಿದರೆ ಎಲ್ಲೋ ತಪ್ಪಿದೆ. ಉಳಿಯದಿದ್ದರೆ ಸರಿ ಎಂದೇನೂ ಅಲ್ಲ.

ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ನ್ಯಾಚುರಲ್ ಅರ್ತ್ ಎಂಬ ನಕ್ಷೆ ದತ್ತಾಂಶದ 1:1 ಕೋಟಿ ಸ್ಕೇಲಿನ ಗಡಿ ಪದರ ಹಾಕಿ, ವರ್ಟೆಕ್ಸ್‌ಗಳನ್ನು (ಗಡಿಗೆರೆಯನ್ನು ಕಟ್ಟುವ ಚುಕ್ಕೆಗಳನ್ನು) ತೆಗೆದು, ಒಂದೇ ಜಾಗದಲ್ಲಿ ಮೂರು ದೇಶದ ಕೋಡ್ ಬರುವುದನ್ನು ಸೋಸುತ್ತೇವೆ. ಇದು ಕೈಕೊಡುವುದು ಆಫ್ರಿಕಾದ ಕಜುಂಗುಲಾದಲ್ಲಿ. ಜಾಂಬೆಜಿ ನದಿಯಲ್ಲಿ ಬೋಟ್ಸ್ವಾನಾ-ಜಾಂಬಿಯಾ ಗಡಿ ಸುಮಾರು 150 ಮೀಟರ್, ಈ ಸ್ಕೇಲಿನಲ್ಲಿ 0.015 ಮಿ.ಮೀ. ನಮೀಬಿಯಾ, ಜಿಂಬಾಬ್ವೆಯೂ ಸೇರಿ ನಾಲ್ಕು ದೇಶ ಒಂದೇ ಚುಕ್ಕೆಯಲ್ಲಿ ಕೂಡಿದಂತೆ ತೋರುತ್ತದೆ. ಅಲ್ಲಿರುವುದು ಎರಡು ಬಿಂದು, ಕೈಯಲ್ಲೇ ಹಾಕಬೇಕು.

ಕಡಲಿನಲ್ಲಿ ಮೂರೂ ದೇಶ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಮಾತ್ರ ಲೆಕ್ಕಕ್ಕೆ. ಭಾರತಕ್ಕೆ ಅಂಥವು ಮೂರು: ಶ್ರೀಲಂಕಾ-ಮಾಲ್ಡೀವ್ಸ್ ಜೊತೆ 1976ರದ್ದು, ಇಂಡೋನೇಷ್ಯಾ-ಥಾಯ್ಲೆಂಡ್ ಜೊತೆ 1978ರದ್ದು, ಮ್ಯಾನ್ಮಾರ್-ಥಾಯ್ಲೆಂಡ್ ಜೊತೆ 1993ರದ್ದು. ಬಾಂಗ್ಲಾ-ಮ್ಯಾನ್ಮಾರ್ ಬದಿಯದ್ದು 2012 ಮತ್ತು 2014ರ ಅಂತರರಾಷ್ಟ್ರೀಯ ತೀರ್ಪುಗಳಲ್ಲಿ ಇಬ್ಬಿಬ್ಬರ ನಡುವೆ ಇತ್ಯರ್ಥವಾದದ್ದು, ಹಾಗಾಗಿ ಬಿಟ್ಟಿದ್ದೇವೆ.

ನಮ್ಮ ಕಾಸರಗೋಡಿಗೆ ಎಲ್ಲಕ್ಕಿಂತ ಹತ್ತಿರದ್ದು 1976ರ ಬಿಂದು: 4°47′ ಉತ್ತರ, 77°01′ ಪೂರ್ವ. ಇಲ್ಲಿನ ಕಡಲ ಬದಿಯಿಂದ ತೆಂಕಿಗೆ, ತುಸು ಮೂಡಕ್ಕೆ ವಾಲಿ, ಸುಮಾರು 880 ಕಿ.ಮೀ. (ನೆಲದ ಬಿಂದು ಯಾವುದೂ ಇಷ್ಟು ಹತ್ತಿರವಿಲ್ಲ.) ಮೂರೂ ತೀರದಿಂದ ಸಮದೂರ, ಹೆಚ್ಚುಕಡಿಮೆ 200 ನಾಟಿಕಲ್ ಮೈಲಿ. ಪರೀಕ್ಷೆಗೆ ಮೂರು ತೀರದಲ್ಲೂ ಒತ್ತೊತ್ತಾಗಿ ಚುಕ್ಕೆ ಇಟ್ಟು ವೊರೊನಾಯ್ (ಪ್ರತಿ ಚುಕ್ಕೆಗೂ ಅದಕ್ಕೇ ಹತ್ತಿರವಿರುವ ಜಾಗವನ್ನು ಕೋಣೆಯಾಗಿ ಹಂಚುವ ಆಯ್ಕೆ) ಕೊಡಿ. ಮೂರು ದೇಶದ ಕೋಣೆಗಳು ತಾಗುವ ಮೂಲೆಯೇ ಉತ್ತರ. ಡಿಗ್ರಿಯಲ್ಲೇ ಮಾಡಬೇಡಿ. ಸಮಭಾಜಕದ ಹತ್ತಿರ ಅಷ್ಟೇನೂ ಗೊತ್ತಾಗದು, 60° ಅಕ್ಷಾಂಶದಲ್ಲಿ ರೇಖಾಂಶದ ಒಂದು ಡಿಗ್ರಿ ಅರ್ಧಕ್ಕೆ ಕುಗ್ಗಿರುತ್ತದೆ. ಅಜಿಮುತಲ್ ಇಕ್ವಿಡಿಸ್ಟೆಂಟ್ ಪ್ರೊಜೆಕ್ಷನ್ (ಕೇಂದ್ರದಿಂದ ದೂರ ಸರಿಯಾಗಿ ಬರುವ ನಕ್ಷೆಯ ಬಗೆ) ಹಾಕಿ, ಕೇಂದ್ರವನ್ನು ಬಿಂದುವಿನ ಆಸುಪಾಸಿನಲ್ಲೇ ಇಡಿ. ಮಾಲ್ಡೀವ್ಸ್‌ನ ಮೂಡು ಅಂಚಿನ ಸಣ್ಣ ದ್ವೀಪಗಳು ಪದರದಲ್ಲಿ ಬಿಟ್ಟುಹೋಗಿದ್ದರೆ ಬಿಂದು ಪಡುವಣಕ್ಕೆ ಜಾರುತ್ತದೆ.

ಇನ್ನು 1978ರ ಬಿಂದು. ನಿಕೋಬಾರ್ ಮತ್ತು ಸುಮಾತ್ರಾ ತೀರದ ಚುಕ್ಕೆಗಳನ್ನು ಹಾಕುತ್ತಿದ್ದೇವೆ.