‘ಗುದ್ದಲಿ’ಗೆ ನಿಂತುಹೋದ ಸ್ಕ್ರಿಪ್ಟ್

ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ತಮ್ಮ ಊರಿನ ಬೇಸಾಯದ ಪದಗಳನ್ನು ನೋಟ್‌ಪ್ಯಾಡಿನಲ್ಲಿ ಕೂಡಿಡುತ್ತಿದ್ದಾರೆ. ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಲು ಅವರ ಹಳೆಯ ವಿದ್ಯಾರ್ಥಿಯೊಬ್ಬರು ಲಿನಕ್ಸ್‌ನಲ್ಲಿ ಬರೆದುಕೊಟ್ಟ ಪುಟ್ಟ ಸ್ಕ್ರಿಪ್ಟನ್ನು (ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಆದೇಶಗಳ ಪಟ್ಟಿಯನ್ನು) ಮೇಷ್ಟ್ರ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಓಡಿಸಿಕೊಡುವುದು ಈ ವಾರದ ಕೆಲಸವಾಗಿತ್ತು. ಮೊದಲು ಪೈಥಾನ್ 3.12 ಹಾಕಿದೆ. ಲ್ಯಾಪ್‌ಟಾಪ್ ಮಾರಿದ ಅಂಗಡಿಯವರು ಅಡ್ಮಿನ್ ಪಾಸ್‌ವರ್ಡ್ ತಿಳಿಸದೆ ಕಳುಹಿಸಿದ್ದರಿಂದ ಅದನ್ನು ಮೇಷ್ಟ್ರ ಖಾತೆಗಷ್ಟೇ ಹಾಕಬೇಕಾಯಿತು. ಹಣ ಎಣಿಸಿಕೊಂಡವರು ಅಷ್ಟನ್ನಾದರೂ ಒಂದು ಚೀಟಿಯಲ್ಲಿ ಬರೆದುಕೊಡಬೇಕಿತ್ತು.

‘ನೊಗ, ಕೊಡಲಿ, ಮೊರ’ ಎಂಬ ಪದಗಳಿದ್ದ ಪರೀಕ್ಷೆಯ ಫೈಲಿಗೆ ಉತ್ತರ ಸರಿಯಾಗಿಯೇ ಬಂತು. ಮೇಷ್ಟ್ರ ನಿಜವಾದ ಫೈಲನ್ನು ಕೊಟ್ಟೊಡನೆ, 81 ಎಂಬ ಬೈಟನ್ನು (ಫೈಲಿನಲ್ಲಿ ಅಕ್ಷರಗಳನ್ನು ಕೂಡಿಡುವ ಸಂಖ್ಯೆಗಳಲ್ಲೊಂದು) ಓದಲಾಗದೆಂದು ಹೇಳಿ ಸ್ಕ್ರಿಪ್ಟ್ ನಿಂತಿತು. “ನನ್ನ ಬರಹದಲ್ಲೇ ದೋಷವಿದೆಯೇನಪ್ಪಾ?” ಎಂದು ಅವರು ಕೇಳಿದರು. “ಇಲ್ಲ ಮೇಷ್ಟ್ರೇ, ನಿಮ್ಮ ಕನ್ನಡ ಸರಿಯಾಗಿದೆ” ಎಂದು ಹೇಳಿ, ಅದನ್ನು ತೋರಿಸಿಕೊಡಲು ಕುಳಿತೆ.

ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟುಗಳು ಬೇಕು. ಉಕಾರದ ಕೊನೆಯ ಬೈಟು ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) 81, ಒತ್ತಕ್ಷರದೊಳಗೆ ಸ್ವರವಿಲ್ಲವೆಂದು ತೋರಿಸುವ ವಿರಾಮದ್ದು 8ಡಿ. ಫೈಲನ್ನು ತೆರೆಯುವ ಓಪನ್ ಕರೆಯಲ್ಲಿ ಎನ್‌ಕೋಡಿಂಗ್, ಅಂದರೆ ಬೈಟುಗಳನ್ನು ಯಾವ ಪದ್ಧತಿಯಿಂದ ಓದಬೇಕೆಂಬುದನ್ನು, ಹೇಳದಿದ್ದರೆ ಲಿನಕ್ಸ್ ಸಾಮಾನ್ಯವಾಗಿ ಯುಟಿಎಫ್-8 ಎಂದೇ ಓದುತ್ತದೆ. ಮೇಷ್ಟ್ರ ವಿಂಡೋಸ್ ಮಾತ್ರ ಬೈಟುಗಳಿಗೆ ಅಕ್ಷರ ಗೊತ್ತುಮಾಡುವ ಹಳೆಯ ಸಿಪಿ-1252 ಕೋಷ್ಟಕವನ್ನು ಹಿಡಿಯುತ್ತಿತ್ತು, ಅದರಲ್ಲಿ ಈ ಎರಡು ಬೈಟುಗಳಿಗೆ ಯಾವ ಅಕ್ಷರವೂ ಇಲ್ಲ. ಆದ್ದರಿಂದ ‘ಗುದ್ದಲಿ’ಯ ಮೊದಲ ಅಕ್ಷರದಲ್ಲೇ ಓಟ ಮುಗಿದಿತ್ತು. ‘ನೊಗ’ ಪಾರಾದದ್ದು ಕೂಡ ಸರಿಯಾಗಿ ಓದಿದ್ದರಿಂದಲ್ಲ: ತಪ್ಪು ಕೋಷ್ಟಕದಿಂದ ಓದಿ ಅದೇ ಕೋಷ್ಟಕದಿಂದ ಬರೆದಾಗ ಮೂಲದ ಬೈಟುಗಳು ಹಾಗೆಯೇ ಮರಳುತ್ತವೆ, ನೋಟ್‌ಪ್ಯಾಡ್ ಅವನ್ನು ಕನ್ನಡವಾಗಿಯೇ ತೋರಿಸುತ್ತದೆ. ಇದಕ್ಕಿಂತ ಕೆಟ್ಟದ್ದು ‘ಕೊಠಡಿ’ಯ ಪಾಡು. ಠಕಾರದ ಕೊನೆಯ ಬೈಟಾದ ಎ0 ಆ ಕೋಷ್ಟಕದಲ್ಲಿ ಒಂದು ಬಗೆಯ ಖಾಲಿ ಜಾಗ (ಸ್ಪೇಸ್) ಆದ್ದರಿಂದ, ಯಾವ ದೂರೂ ಇಲ್ಲದೆ ಒಂದು ಪದ ಎರಡು ತುಂಡಾಗಿ ಎಣಿಕೆಗೆ ಸೇರುತ್ತದೆ. ಯಂತ್ರ ನಿಂತುಬಿಟ್ಟರೆ ಹುಡುಕಬಹುದು. ಹೀಗೆ ಸುಮ್ಮನೆ ತಪ್ಪಿದ ಲೆಕ್ಕವನ್ನು ಹೊಸಬರು ನಂಬಿಬಿಡುತ್ತಾರೆ.

ಓದುವ, ಬರೆಯುವ ಎರಡೂ ಓಪನ್ ಕರೆಗಳಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸೇರಿಸುವುದೇ ಪರಿಹಾರ. ಪೈಥಾನ್ 3.15ರಲ್ಲಿ ಅದು ತಾನಾಗಿಯೇ ಬರುತ್ತದೆ, ಆದರೂ ಬರೆದಿಡುವುದೇ ಕ್ಷೇಮವೆಂದು ನನ್ನ ಅಭಿಪ್ರಾಯ. ಆ ಸಾಲನ್ನು ನಾನು ಮುಟ್ಟಲಿಲ್ಲ. ಮೇಷ್ಟ್ರೇ ಒಂದೊಂದು ಕೀಲಿ ಹುಡುಕಿ ಟೈಪ್ ಮಾಡಿ, ಎಂಟರ್ ಒತ್ತಿದರು. ‘ಗುದ್ದಲಿ’ ಪಟ್ಟಿಗೆ ಬಂತು, ‘ಕೊಠಡಿ’ ಒಂದೇ ಪದವಾಗಿ ಉಳಿಯಿತು.

ಈಗ ಅವರಿಗೆ ಅಕಾರಾದಿ ಪಟ್ಟಿ ಬೇಕಾಗಿದೆ. ಪ್ರತಿ ಅಕ್ಷರಕ್ಕೂ ಯೂನಿಕೋಡ್ ಕೊಟ್ಟಿರುವ ಸಂಖ್ಯೆಗಳಲ್ಲಿ ಳಕಾರವು ವಕಾರಕ್ಕಿಂತ ಮುಂಚೆ ಇರುವುದರಿಂದ ಪಟ್ಟಿಯನ್ನು ವಿಂಗಡಿಸುವ ಪೈಥಾನಿನ ಸಾರ್ಟೆಡ್ ಆದೇಶ ಅದನ್ನು ಅಲ್ಲಿಯೇ ಕೂರಿಸುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದರ ಸ್ಥಾನ ಹಕಾರದ ನಂತರ. ಮುಂದಿನ ವಾರ ವಿಂಗಡಣೆಯ ಕ್ರಮವನ್ನು ತಿಳಿಸುವ ಒಂದು ಕೀ ಫಂಕ್ಷನ್ ಬರೆಯಲು ಇಬ್ಬರೂ ಕೂರುತ್ತೇವೆ.