ಬಿಸಿ ಬಿಸಿ ಡಬ್ಬಿಗೆ ತುಂಬಿದ ಅನಾನಸು

ಶನಿವಾರ ಸಂಜೆ ಆರೂ ನಲವತ್ತು. ಏಳಕ್ಕೆ ಬ್ಯಾಂಕ್ವೆಟ್ ಹಾಲಿನ ಬಾಗಿಲು ತೆಗೆಯಬೇಕು, 120 ಕವರ್, ಅಂದರೆ ಅಷ್ಟು ಜನರಿಗೆ ಊಟ. ವೆಲ್‌ಕಮ್ ಡ್ರಿಂಕಿನ ಗ್ಲಾಸುಗಳು ಸಾಲಾಗಿ ನಿಂತಿವೆ. ಮನೆಯಿಂದ ತಂದ ಡಬ್ಬಿಯ ಮುಚ್ಚಳ ತೆಗೆದೆ. ಮೂಗಿಗೆ ಹೊಡೆದದ್ದು ಹುಳಿ ಹೆಂಡದ ವಾಸನೆ. ಮುಚ್ಚಳದ ಒಳಗೆ ನೀರ ಹನಿ. ಗ್ಲಾಸಿನ ಅಲಂಕಾರಕ್ಕೆಂದು ಬಿಲ್ಲೆ ಒಣಗಿಸಿ ಮಾಡಿದ ಅನಾನಸಿನ ಹೂವುಗಳೆಲ್ಲ ಅಂಟಿಕೊಂಡು ಮುದ್ದೆ. ಒಂದನ್ನು ಬಿಡಿಸಿ ಬೆಳಕಿಗೆ ಹಿಡಿದರೆ ನಡುವಿನ ದಿಂಡಿನ ಸುತ್ತ ಬಿಳಿ ಬೂಷ್ಟು.

ಮೇಲಿನವು ಮಾತ್ರ ಹೀಗಿರಬಹುದು ಅಂತ ಕೆಳಕ್ಕೆ ಕೈ ಹಾಕಿದೆ. ಕೆಳಗಿನವು ಇನ್ನೂ ಕೆಟ್ಟಿದ್ದವು. ಸುಳ್ಳು ಯಾಕೆ ಹೇಳಲಿ, ಒರೆಸಿ ಇಟ್ಟುಬಿಡೋಣವೇ ಎಂದೂ ಒಂದು ಗಳಿಗೆ ಅನಿಸಿತ್ತು.

ತಪ್ಪು ಮಂಗಳವಾರವೇ ಆಗಿತ್ತು. ಹಣ್ಣು ಒಣಗಿಸುವ ಮೆಷಿನ್ನಿಗೆ (ಡಿಹೈಡ್ರೇಟರ್) ಇಂಡೆಂಟ್, ಅಂದರೆ ಬೇಡಿಕೆ ಪತ್ರ, ಹಾಕಿ ಎಂಟು ತಿಂಗಳಾದರೂ ಮೇಲಿನವರು ಸಹಿ ಹಾಕಿರಲಿಲ್ಲ. ಹಾಗಾಗಿ ನನ್ನದೇ ಐದು ಟ್ರೇಯ ಪುಟ್ಟ ಮೆಷಿನ್ನಿನಲ್ಲಿ ಮನೆಯಲ್ಲೇ ಒಣಗಿಸುತ್ತಿದ್ದೆ. ಸಿಪ್ಪೆ, ಕಣ್ಣು ತೆಗೆದು 3 ಮಿ.ಮೀ. ಬಿಲ್ಲೆ, 57 ಡಿಗ್ರಿ, ಹತ್ತು ಹನ್ನೆರಡು ಗಂಟೆ. ಬಿಲ್ಲೆ ಇನ್ನೂ ಬಾಗುತ್ತಿರುವಾಗಲೇ ಕಪ್‌ಕೇಕ್ ಅಚ್ಚಿನಲ್ಲಿ ಕೂರಿಸಿದರೆ ಅಂಚು ಮುದುರಿ ಹೂವಾಗುತ್ತದೆ. ಆದರೆ ಒಂದು ಬ್ಯಾಚಿಗೆ 45 ಬಿಲ್ಲೆ, ಅಂದರೆ ಮೂರು ಬ್ಯಾಚು. ನನಗೋ ಶಿಫ್ಟ್ ಬೇರೆ. ಬಿಸಿಯನ್ನು 75 ಡಿಗ್ರಿಗೆ ತಿರುಗಿಸಿದೆ. ಐದು ಗಂಟೆಯಲ್ಲಿ ಮೇಲ್ಮೈ ಗಟ್ಟಿ, ಬಣ್ಣವೂ ಚಂದ. ನಾನು ಜಾಣ ಅಂದುಕೊಂಡೆ. ಅಷ್ಟು ಬಿಸಿಗೆ ಹೊರಮೈ ಬೇಗ ಬಿಗಿದು ಒಳಗಿನ ನೀರಿಗೆ ಹೊರಬರಲು ದಾರಿಯೇ ಇರುವುದಿಲ್ಲ. ದಿಂಡಿನ ಹತ್ತಿರ ಎಲ್ಲ ಹಸಿ ಹಾಗೇ ಕೂತಿತ್ತು. ಮೆಷಿನ್ನಿಂದ ತೆಗೆದು ಬಿಸಿ ಬಿಸಿ ಡಬ್ಬಿಗೆ ಸುರಿದೆ.

ಅಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. "ಎಂತ ಮಾರಾಯ, ಹಲಸಿನ ಹಪ್ಪಳವೇ ಬಿಸಿಲಿಂದ ತೆಗೆದು ಆರುವ ತನಕ ಡಬ್ಬಿಗೆ ಹಾಕುದಿಲ್ಲ. ಇದು ಸಕ್ಕರೆಯ ಹಣ್ಣು."

"ಇದು ಮೆಷಿನ್ ಅಮ್ಮ, ಬಿಸಿಲಲ್ಲ" ಅಂದೆ. ಹೊರಗೆ ಜುಲೈ ತಿಂಗಳ ಮಂಗಳೂರು ಮಳೆ. ಹಗ್ಗದ ಮೇಲಿನ ಬಟ್ಟೆ ಮೂರು ದಿನದಿಂದ ಒಣಗಿರಲಿಲ್ಲ, ಅದಾದರೂ ಕಣ್ಣಿಗೆ ಬೀಳಬಾರದಿತ್ತೇ.

ಆರೂ ಐವತ್ತು. ಕ್ಯಾಪ್ಟನ್ ಫೋನ್ ಮೇಲೆ ಫೋನ್. ಡಬ್ಬಿ ಹಿಡಿದು ಅಡುಗೆಮನೆಗೆ ಓಡಿದರೆ, ಅಲ್ಲಿ ಮೆಣಸ್ಕಾಯಿ ಎಂಬ ಸಿಹಿ-ಖಾರದ ಪದಾರ್ಥಕ್ಕೆಂದು ಅನಾನಸು ಹೆಚ್ಚಲು ಕೂತಿದ್ದಾರೆ. ಒಂಬತ್ತು ಹಣ್ಣು, ಜುಟ್ಟು ಇನ್ನೂ ಕತ್ತರಿಸಿಲ್ಲ. "ಅಣ್ಣಾ, ಜುಟ್ಟು ಬಿಸಾಡ್ಬೇಡಿ!" ಒಳಗಿನ ಎಳೆ ಎಲೆಗಳನ್ನು ಕಿತ್ತು, ತೊಳೆದು, ಒರೆಸಿ, ಬುಡ ಓರೆಯಾಗಿ ಕತ್ತರಿಸಿ ಗ್ಲಾಸಿಗೆ ಎರಡರಂತೆ ಸಿಕ್ಕಿಸಲು ಶುರುಮಾಡಿದೆವು. ನಲವತ್ತನೆಯ ಗ್ಲಾಸಿಗೇ ಲೆಕ್ಕ ಹಾಕಿ ಒಂದೊಂದಕ್ಕೆ ಇಳಿಸಿದೆವು. ಪುಣ್ಯಕ್ಕೆ ಕ್ಯೂ ಜಾತಿಯ ಹಣ್ಣು, ಎಲೆಯಂಚಿಗೆ ಮುಳ್ಳು ಕಡಿಮೆ. ಕ್ವೀನ್ ಜಾತಿಯದಾಗಿದ್ದರೆ ಅತಿಥಿಗಳ ಮೂಗಿಗೆ ಗರಗಸ.

ಈಗ ಮತ್ತೆ 57 ಡಿಗ್ರಿಯೇ. ಪೂರ್ತಿ ತಣಿದ ಮೇಲೆ ಒಂದನ್ನು ಮುರಿದು ನೋಡುತ್ತೇನೆ. ಟಪ್ ಎನ್ನದಿದ್ದರೆ ವಾಪಸ್ ಟ್ರೇಗೆ. ಆಮೇಲೂ ನಾಲ್ಕೈದು ದಿನ ಗಾಜಿನ ಭರಣಿಯಲ್ಲಿಟ್ಟು ದಿನಾ ಅಲುಗಾಡಿಸುತ್ತೇನೆ. ಗಾಜಿಗೆ ಮಂಜು ಕಟ್ಟಿದರೆ ಅಂದೇ ಹೊರಗೆ.

ಸೋಮವಾರದ ಮೀಟಿಂಗಿನಲ್ಲಿ ಮ್ಯಾನೇಜರ್ ಎಲೆಯ ಗಾರ್ನಿಶ್ ಬಹಳ ಹೊಗಳಿದರು. ಖರ್ಚೇ ಇಲ್ಲವಲ್ಲ ಎಂದರು. ಮಧ್ಯಾಹ್ನದ ಹೊತ್ತಿಗೆ ನನ್ನ ಇಂಡೆಂಟ್ ವಾಪಸ್ ಬಂತು, ಮೇಲೆ ಕೆಂಪು ಶಾಯಿಯಲ್ಲಿ "ಅಗತ್ಯವಿಲ್ಲ".