ಅಜ್ಜಿಮನೆ ಕಡಲು

ಕಳೆದ ಶುಕ್ರವಾರ ಮಗಳು ಕೇಳಿದ ಒಂದು ಪ್ರಶ್ನೆ ಇನ್ನೂ ತಲೆಯಿಂದ ಹೋಗಿಲ್ಲ.

ರಜೆ ದಿನ ನಾವಿರೋ ಸೂರ್ ಊರಿಂದ ರಾಸ್ ಅಲ್ ಹದ್ದ್ ಕಡಲತೀರದ ಕಡೆ ಹೋಗೋದು ನಮಗೆ ಮಾಮೂಲು. ಓಮನ್‌ನ ಆ ಮೂಲೆಗೆ ವರ್ಷಕ್ಕೆ ಸಾವಿರಾರು ಹಸಿರು ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ, 1996ರಿಂದ ಅದು ಆಮೆಗಳ ರಕ್ಷಿತ ಜಾಗ. ಅವತ್ತು ಬಿಸಿಲೇರಿದರೂ ಒಂದು ಆಮೆ ನೀರಿಗೆ ಹೋಗಲಾಗದೆ ಮರಳಲ್ಲೇ ಒದ್ದಾಡುತ್ತಿತ್ತು. ಮುಂಗಾಲಿಗೆ ನೈಲಾನ್ ಬಲೆಯ ತುಂಡು. ಈಜಿದಷ್ಟೂ ಬಿಗಿದು ದಾರ ಚರ್ಮದೊಳಕ್ಕೇ ಇಳಿದಿತ್ತು, ಸುತ್ತಲಿನ ಮಾಂಸ ಬೆಳ್ಳಗಾಗಿತ್ತು. ಜೊತೆಗೆ ಬಂದಿದ್ದ ಪಕ್ಕದ ಮನೆಯ ಅಜ್ಜ ಹಳೇ ಮೀನುಗಾರರು. ಅಲ್ಲಿನ ಸಿಬ್ಬಂದಿಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ಮಂಡಿಯೂರಿ ಕೂತು ಒಂದೊಂದೇ ಎಳೆ ಕತ್ತರಿಸಿದರು. ಆಮೆ ಉಸಿರು ಬಿಡೋ ಸದ್ದು ನಮಗೆಲ್ಲ ಕೇಳುತ್ತಿತ್ತು.

ಮಗಳು ಊರು ನೆನೆದು ಅತ್ತಾಗೆಲ್ಲ ನಾನು ಹೇಳುತ್ತಿದ್ದುದು ಒಂದೇ ಮಾತು. "ನೋಡು ಪುಟ್ಟಾ, ಇದೇ ಅರಬ್ಬಿ ಸಮುದ್ರದ ಆಚೆ ದಡದಲ್ಲಿ ಹೊನ್ನಾವರ, ಅಜ್ಜಿಮನೆ." ಸುಮಾರು 1,800 ಕಿಲೋಮೀಟರ್ ದೂರ, ಆದರೂ ಆ ಮಾತಿನಿಂದ ಅವಳಿಗಿಂತ ನನಗೇ ಸಮಾಧಾನ ಜಾಸ್ತಿ. ಅವತ್ತು ಬಲೆ ತುಂಡು ಕೈಯಲ್ಲಿ ಹಿಡಿದು ಅವಳು ಕೇಳಿದಳು, "ಅಪ್ಪಾ, ಹಾಗಾದ್ರೆ ನಾವು ಸೇತುವೆಯಿಂದ ಎಸೆದ ಹೂವಿನ ಕವರೂ ಇಲ್ಲಿಗೆ ಬರುತ್ತಾ?"

ಮೇ ತಿಂಗಳಲ್ಲಿ ಊರಿಗೆ ಹೋದಾಗ ಮನೆಯಲ್ಲಿ ಸತ್ಯನಾರಾಯಣ ಪೂಜೆ ಆಗಿತ್ತು. ಮರುದಿನ ಅಮ್ಮ ಪೂಜೆಯ ಹೂವನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ತುಂಬಿ ಗಂಟು ಹಾಕಿ, "ತುಳಿಯೋ ಜಾಗಕ್ಕೆ ಹಾಕಬೇಡ, ಹೊಳೆಗೆ ಬಿಟ್ಟು ಬಾ" ಅಂದಿದ್ದಳು. ಶರಾವತಿ ಸೇತುವೆ ಮೇಲೆ ಕಾರು ನಿಲ್ಲಿಸಿ ಎಸೆದವನು ನಾನೇ. ಪಕ್ಕದಲ್ಲಿ ಮಗಳು ಕೈ ಮುಗಿದು ನಿಂತಿದ್ದಳು.

ಹೊಳೆ ಅಲ್ಲೇ ಕಡಲಿಗೆ ಸೇರುತ್ತದೆ. ಆಚೆ ಕಾಸರಕೋಡಿನ ಮರಳಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ. ನೀರಲ್ಲಿ ತೇಲುವ ಕವರು ಆಮೆಗೆ ಜೆಲ್ಲಿ ಮೀನಿನ ಹಾಗೆ ಕಾಣುತ್ತೆ, ನುಂಗಿದರೆ ಹೊಟ್ಟೆಯಲ್ಲಿ ಕಟ್ಟಿಕೊಂಡು ಸಾಯಲೂಬಹುದು. ಇದು ನನಗೆ ಗೊತ್ತಿತ್ತು, ಆದರೂ ಎಸೆದೆ. ಹೂವನ್ನಷ್ಟೇ ತೆಂಗಿನ ಬುಡಕ್ಕೆ ಸುರಿಯಬಹುದಿತ್ತಲ್ವಾ? ನನ್ನ ಅಜ್ಜಿ ಹಾಗೇ ಮಾಡುತ್ತಿದ್ದಳು. ಅವಳ ಕಾಲದಲ್ಲಿ ರಾಂಪಣಿ ಬಲೆ ಎಳೆಯೋ ಹಗ್ಗವೂ ತೆಂಗಿನ ನಾರಿನದು, ಕಡಲಲ್ಲಿ ಹರಿದು ಹೋದರೂ ಕೊಳೆತು ಹೋಗುತ್ತಿತ್ತು. ನೈಲಾನ್ ಹಾಗಲ್ಲ, ಯಾರ ಕೈ ತಪ್ಪಿದ ಮೇಲೂ ವರ್ಷಗಟ್ಟಲೆ ಮೀನು, ಆಮೆ ಹಿಡಿಯುತ್ತಲೇ ಇರುತ್ತದೆ.

"ಬರಬಹುದು ಪುಟ್ಟಾ" ಅಂದೆ. ಅವಳು ಮತ್ತೇನೂ ಕೇಳಲಿಲ್ಲ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇನ್ನು ತೆಂಗಿನ ಬುಡಕ್ಕೇ ಹಾಕ್ತೆ ಮಾರಾಯ. ಆ ಆಮೆ ಕಾಲು ಗುಣ ಆಗ್ತಾ?" ಅಂತ ಕೇಳಿದಳು.

ಅದು ನೀರಿಗಿಳಿದು ಹೋದದ್ದನ್ನಷ್ಟೇ ನಾನು ನೋಡಿದ್ದೆ.